ಅವನು ಹೇಳದೆ ತಿದ್ದಿದ ಲೆಕ್ಕ

ಅವಳ ಹತ್ತಿರ ಕ್ಯಾಲ್ಕುಲೇಟರ್ ಇರಲಿಲ್ಲ.

ಹಣಕಾಸು ನಿರ್ವಹಣೆಯ ಮೊದಲ ಕಿರುಪರೀಕ್ಷೆ. ತರಗತಿಯ ಪ್ರತಿಯೊಬ್ಬರ ಮುಂದೆಯೂ ಒಂದೊಂದು ಕಪ್ಪು ಕ್ಯಾಲ್ಕುಲೇಟರ್ ಕೂತಿತ್ತು. ಅವಳ ಮುಂದೆ ಇದ್ದದ್ದು ಪೆನ್ನು, ಸ್ಕೇಲು, ಮತ್ತು ಪಠ್ಯಪುಸ್ತಕದ ಕೊನೆಯಲ್ಲಿ ಬರುವ ಕೋಷ್ಟಕಗಳ ಜೆರಾಕ್ಸ್. ಮುಂದೆ ಯಾವಾಗಲೋ ಬರುವ ಹಣಕ್ಕೆ ಇವತ್ತಿನ ಬೆಲೆ ಎಷ್ಟು ಎಂದು ಹೇಳುವ ಕೋಷ್ಟಕಗಳು. ಕ್ಯಾಲ್ಕುಲೇಟರ್ ಬಂದ ಮೇಲೆ ಅವನ್ನು ಯಾರೂ ತಿರುವಿ ನೋಡುತ್ತಿರಲಿಲ್ಲ.

ಎರಡನೇ ಪ್ರಶ್ನೆಯ ಮಧ್ಯದಲ್ಲಿದ್ದಳು. ಉದ್ದ ಮೇಜಿನ ಆ ತುದಿಯಿಂದ ಒಂದು ಕ್ಯಾಲ್ಕುಲೇಟರ್ ಮೆಲ್ಲಗೆ ಜಾರಿ ಬಂದು ಅವಳ ಮೊಣಕೈಗೆ ತಾಗಿ ನಿಂತಿತು.

ತಲೆ ಎತ್ತಿದಳು. ತೆಳ್ಳಗಿನ ಹುಡುಗ. ಅವಳ ಕಡೆ ನೋಡುತ್ತಲೂ ಇರಲಿಲ್ಲ. ತನ್ನ ಲೆಕ್ಕ ಮುಗಿಸಿದ್ದ, ಯಂತ್ರವನ್ನು ದಾಟಿಸಿದ್ದ, ಕಿಟಕಿ ನೋಡುತ್ತ ಕೂತಿದ್ದ.

ಸ್ಕೇಲಿನಿಂದ ಅದನ್ನು ವಾಪಸ್ ತಳ್ಳಿದಳು.

ಅದು ಮತ್ತೆ ಬಂತು.

ಈ ಸಲ ಜೋರಾಗಿಯೇ ತಳ್ಳಿದಳು. ಕ್ಯಾಲ್ಕುಲೇಟರ್ ಮೇಜಿನ ಅಂಚು ದಾಟಿ ನೆಲಕ್ಕೆ ಬಿತ್ತು. ಬ್ಯಾಟರಿಯ ಮುಚ್ಚಳ ಹಾರಿ ಫೈನಾನ್ಸ್ ಮೇಡಂ ಕಾಲ ಬಳಿ ಹೋಗಿ ನಿಂತಿತು.

"ಯಾರದ್ದು ಇದು?" ಮೇಡಂ ಕೇಳಿದರು.

ಅವಳು ಹಾಳೆಯ ಮೇಲೆ ಬಗ್ಗಿದಳು, ಅವನು ಮತ್ತೆ ಕಿಟಕಿಗೆ ತಿರುಗಿದ.

"ಓಹೋ, ಅಪ್ಪ ಅಮ್ಮ ಇಲ್ಲದ ಕ್ಯಾಲ್ಕುಲೇಟರ್. ಪಾಪ. ಇಬ್ಬರೂ ಎದ್ದು ಬನ್ನಿ. ಎರಡನೇ ಪ್ರಶ್ನೆ, ಬೋರ್ಡ್ ಮೇಲೆ, ಬರೀ ಕೈಯಲ್ಲಿ."

ಅವಳು ಜೆರಾಕ್ಸ್ ಹಾಳೆ ಹಿಡಿದು ಹೋದಳು. ಸೀಮೆಸುಣ್ಣ ಎಲ್ಲೂ ನಿಲ್ಲಲಿಲ್ಲ. ಉತ್ತರದ ಕೆಳಗೆ ಎರಡು ಗೆರೆ ಎಳೆದು ತಿರುಗಿದರೆ, ಆ ಹುಡುಗ ಬೋರ್ಡಿನ ಇನ್ನೊಂದು ಅರ್ಧದಲ್ಲಿ ಮೊದಲ ಸಾಲು ಬರೆದು ಕಂಬದ ಹಾಗೆ ನಿಂತಿದ್ದ. ತರಗತಿ ನಗತೊಡಗಿತು.

'ಯಂತ್ರ ದಾನ ಮಾಡೋಕೆ ಬಂದವನಿಗೆ ಇಷ್ಟೂ ಬರಲ್ವಾ...'

ಹೀಗೆಂದುಕೊಂಡರೂ ಹಾಳೆಯನ್ನು ಅವನ ಮುಂದೆ ಹಿಡಿದಳು. "ಈ ಸಾಲು ನೋಡಿ, ವರ್ಷ. ಈ ಕಾಲಂ, ಬಡ್ಡಿ ದರ. ಎರಡೂ ಸೇರೋ ಕಡೆ ಬೆರಳಿಡಿ. ಅಲ್ಲಿರೋ ಸಂಖ್ಯೆಯಿಂದ ಗುಣಿಸಿ."

ಅವನು ಬೆರಳಿಟ್ಟ. ಗುಣಿಸಿದ. ಉತ್ತರ ಬಂತು.

"ಬ್ಯಾಟರಿ ಬಿದ್ದುಹೋದರೆ ನೌಕರಿ ಬಿದ್ದುಹೋಗಬಾರದು," ಎಂದರು ಮೇಡಂ. "ಇವಳ ಹತ್ರ ಕಲ್ತುಕೋ."

ಅಂದಿನಿಂದ ಇಡೀ ಕಾಲೇಜು ಅವಳನ್ನು 'ಕೋಷ್ಟಕ' ಎಂದು ಕರೆಯಿತು. ಅವನಿಗೆ ಮೊದಲೇ ಒಂದು ಹೆಸರಿತ್ತು... 'ಮೌನಿ'.

ಪರೀಕ್ಷೆ ಮುಗಿದ ಮೇಲೆ ಕಾರಿಡಾರಿನಲ್ಲಿ ಅವನು ಹಿಂದೆ ಬಂದ. "ಥ್ಯಾಂಕ್ಸ್."

"ಯಾರೂ ಕೇಳದೆ ಏನೂ ಕೊಡಬೇಡಿ," ಎಂದಳು.

"ನೀವು ಕೇಳಿದ್ರೆ ಕೊಡಬಹುದಾ?"

"ನಾನು ಕೇಳಲ್ಲ."

ಅವಳ ತಾಯಿ ಒಂದು ದೊಡ್ಡ ಲಾಂಡ್ರಿಯಲ್ಲಿ ಕೆಲಸಗಾರ್ತಿ. ಆಸ್ಪತ್ರೆ, ಹೋಟೆಲುಗಳಿಂದ ಗಾಡಿಗಟ್ಟಲೆ ಬರುವ ಬೆಡ್‌ಶೀಟುಗಳನ್ನು ಇಸ್ತ್ರಿಯ ರೋಲರಿಗೆ ಕೊಡುವುದು, ಬಿಸಿ ಬಟ್ಟೆ ಹೊರಬಂದಾಗ ತುದಿ ಹಿಡಿದು ಮಡಚುವುದು. ಇಪ್ಪತ್ತು ವರ್ಷ ಅದನ್ನೇ ಮಾಡಿದ್ದಳು. ಆ ಸಂಬಳ, ಮೇಲೊಂದು ವಿದ್ಯಾರ್ಥಿವೇತನ... ಇಷ್ಟರಲ್ಲಿ ಮಗಳ ಓದು. ಕ್ಯಾಲ್ಕುಲೇಟರ್ ಕೊಂಡರೆ ಆ ತಿಂಗಳ ಮೆಸ್ ಬಿಲ್ ಕಟ್ಟಲಾಗುತ್ತಿರಲಿಲ್ಲ. ಯಾರ ಹತ್ತಿರವಾದರೂ ಕೇಳಬಹುದಿತ್ತು. ಆದರೆ ಕೇಳುವುದು ಅವಳಿಗೆ ಬರುತ್ತಿರಲಿಲ್ಲ. ಅದನ್ನು ಅವಳು ಸ್ವಾಭಿಮಾನ ಎನ್ನುತ್ತಿದ್ದಳು. ರೂಂಮೇಟ್ ಜಂಬ ಎನ್ನುತ್ತಿದ್ದಳು. ಇಬ್ಬರ ಮಾತಿನಲ್ಲೂ ಸತ್ಯವಿತ್ತು.

*

ಕೇಳುವುದು ಅವನಿಗೆ ಬರುತ್ತಿತ್ತು. ಮರುವಾರ ಲೈಬ್ರರಿಯಲ್ಲಿ ಅವಳ ಎದುರಿನ ಕುರ್ಚಿ ಎಳೆದು ಕೂತ. "ಕೋಷ್ಟಕ ನೋಡೋದು ಪೂರ್ತಿ ಹೇಳಿಕೊಡ್ತೀರಾ?"

ಹೇಳಿಕೊಟ್ಟಳು. ಆಮೇಲೆ ಅದು ದಿನದ ಪಾಠವಾಯಿತು. 'ನೀವು' ಹೋಗಿ 'ನೀನು' ಬಂದದ್ದು ಯಾವಾಗ ಎಂದು ಇಬ್ಬರಿಗೂ ನೆನಪಿಲ್ಲ.

ಒಂದು ದಿನ ಅವನು ಕೇಳಿದ, "ನಾಳೆ ಬರೋ ಹಣ ಇವತ್ತಿನ ಹಣಕ್ಕಿಂತ ಚಿಕ್ಕದು ಅಂತೀವಲ್ಲ... ಯಾಕೆ?"

"ಇವತ್ತೇ ಕೈಗೆ ಬಂದ್ರೆ ಬಡ್ಡಿಗೆ ಹಾಕಬಹುದು. ಅದೊಂದು. ಇನ್ನೊಂದು, ನಾಳೆ ಬರುತ್ತೋ ಇಲ್ವೋ ಅನ್ನೋ ಅನುಮಾನ. ಅನುಮಾನ ಜಾಸ್ತಿ ಇದ್ದಷ್ಟೂ ದರ ಜಾಸ್ತಿ ಹಾಕ್ತೀವಿ, ಬೆಲೆ ಇಳಿಯುತ್ತೆ."

"ಅನುಮಾನವೇ ಇಲ್ದಿದ್ರೆ?"

"ಹಾಗಿರೋ ಹಣ ಪ್ರಪಂಚದಲ್ಲಿ ಇಲ್ಲ."

"ಹಣ ಬಿಡು... ಮನುಷ್ಯರು?"

ಅವಳು ಪುಸ್ತಕದಿಂದ ಕಣ್ಣು ತೆಗೆಯಲಿಲ್ಲ. ಕಿವಿ ಮಾತ್ರ ಬಿಸಿಯಾಯಿತು. "ಸಿಲಬಸ್‌ನಲ್ಲಿ ಇಲ್ಲ."

ಅವನು ನಕ್ಕ. ಅವನು ನಗುವುದನ್ನು ಅವಳು ನೋಡಿದ್ದು ಅದೇ ಮೊದಲು. ಅವನ ಮನೆಯಲ್ಲಿ ತಂದೆಯೇ ಎಲ್ಲರ ಪರವಾಗಿ ಮಾತಾಡುತ್ತಿದ್ದರು. ಏನು ಓದಬೇಕು, ಯಾವ ಶರ್ಟು ಹಾಕಬೇಕು, ಬಂದ ನೆಂಟರಿಗೆ ಮಗ ಏನು ಹೇಳಬೇಕು, ಎಲ್ಲ. ಮಗ ಬಾಯಿ ತೆರೆಯುವ ಅಭ್ಯಾಸವನ್ನೇ ಬಿಟ್ಟಿದ್ದ. ಒಳ್ಳೆಯದನ್ನು ಮಾಡುವುದಿದ್ದರೂ ಸದ್ದಿಲ್ಲದೆ ಮಾಡಿ ಮುಗಿಸುತ್ತಿದ್ದ.

"ನಿಮ್ಮಿಬ್ಬರದ್ದು ಯಾವ ಲೆಕ್ಕ ಕಣೇ, ದಿನಾ ನಡೆದ್ರೂ ಮುಗಿಯದೇ ಇರೋದು?" ರೂಂಮೇಟ್ ಕಾಲೆಳೆಯುತ್ತಿದ್ದಳು. ಅವಳಿಗೆ ವಿಮಾ ಕಂಪನಿ ಸೇರುವ ಆಸೆ. ಹಾಗಾಗಿ ಹಾಸ್ಟೆಲಿನಲ್ಲಿ ಅವಳ ಹೆಸರು 'ಪ್ರೀಮಿಯಂ'.

"ಬಂಡವಾಳ ಹೂಡಿಕೆಯ ತೀರ್ಮಾನ."

"ಹೂಡಿಬಿಡು ಮತ್ತೆ. ಯಾರಾದ್ರೂ ಮೊದ್ಲು ಬಂದು ಹೂಡಿದ್ರೆ ಅತ್ಕೊಂಡು ನನ್ನ ಹತ್ರ ಬರಬೇಡ. ಅದಕ್ಕೆ ವಿಮೆ ಇಲ್ಲ."

ಕೊನೆಯ ವರ್ಷ ಫೈನಾನ್ಸ್ ಮೇಡಂ ಪಾಠ ನಿಲ್ಲಿಸಿ ಕೆಲಸದ ಮಾತಾಡಿದರು. "ಬ್ಯಾಂಕಿನಲ್ಲಿ ಸಾಲ ಪರಿಶೀಲನೆಗೆ ಹೋಗಿ. ವಿಮೆಗೆ ಹೋಗಿ. ಹೂಡಿಕೆ ಕಂಪನಿಗೆ, ಕಾರ್ಖಾನೆಯ ಹಣಕಾಸು ವಿಭಾಗಕ್ಕೆ, ಎಲ್ಲಿಗಾದ್ರೂ ಹೋಗಿ. ಕೆಲಸ ಒಂದೇ. ಬೇರೆಯವರ ದುಡ್ಡನ್ನ ನಿಮ್ಮ ದುಡ್ಡಿಗಿಂತ ಹೆಚ್ಚು ಭಯದಿಂದ ನೋಡೋದು. ಇನ್ನೊಂದು ಮಾತು. ಹೋದ ಖರ್ಚು ಹೋಯ್ತು. ಅದನ್ನ ಮುಂದಿನ ತೀರ್ಮಾನದ ಮೊತ್ತಕ್ಕೆ ಸೇರಿಸಬಾರದು. ಇದನ್ನ ಪರೀಕ್ಷೆಯಲ್ಲಿ ಎಲ್ಲರೂ ಸರಿ ಬರೀತೀರಿ, ಬದುಕಿನಲ್ಲಿ ಒಬ್ಬರೂ ಮಾಡಲ್ಲ."

ಅವಳಿಗೆ ಬೇಕಾಗಿದ್ದದ್ದು ಒಂದೇ ಒಂದು ಕೆಲಸ. ಬಸ್ಸಿನಿಂದ ದಿನವೂ ಕಾಣುವ ಗಾಜಿನ ಕಟ್ಟಡದ ಮೇಲಿನ ಮಹಡಿಯಲ್ಲಿದ್ದ ಹೂಡಿಕೆ ಕಂಪನಿ. ಅಲ್ಲಿ ವಿಶ್ಲೇಷಕಿಯ ಹುದ್ದೆ. ಲಾಂಡ್ರಿ ಗಾಡಿಯಿಂದ ಬಟ್ಟೆ ಇಳಿಸುವ ಅಮ್ಮನಿಗೂ ಆ ಕಟ್ಟಡ ಕಾಣುತ್ತಿತ್ತು. 'ಅಲ್ಲಿ ನನ್ನ ಮಗಳು ಕೂತಿದಾಳೆ' ಎಂದು ಅಮ್ಮ ಜೊತೆಯವರಿಗೆ ಬೆರಳು ಮಾಡಿ ತೋರಿಸಬೇಕು... ಅಷ್ಟೇ ಅವಳ ಕನಸು.

*

ಆ ಕಂಪನಿಯವರು ಕಾಲೇಜಿಗೆ ಬಂದರು. ಅವರ ಪದ್ಧತಿಯೇ ಬೇರೆ. ಇಬ್ಬಿಬ್ಬರ ಜೋಡಿಗೆ ಒಂದು ಪ್ರಕರಣ ಕೊಡುತ್ತಾರೆ. ಜೋಡಿಯಾಗಿಯೇ ಲೆಕ್ಕ ಮಾಡಿ ಮಂಡಿಸಬೇಕು. ತೆಗೆದುಕೊಂಡರೆ ಒಬ್ಬರನ್ನು ಮಾತ್ರ.

"ನಮ್ಮಿಬ್ಬರಲ್ಲಿ ನಿನ್ನನ್ನೇ ತಗೊಳ್ತಾರೆ," ಎಂದ ಅವನು.

"ನಿನ್ನನ್ನ ತಗೊಂಡ್ರೂ ನಾನು ಅಳಲ್ಲ," ಎಂದಳು. ಹಾಗೆ ಹೇಳುವಾಗ ಅವಳು ಅದನ್ನು ನಂಬಿದ್ದಳು.

ಪ್ರಕರಣ ಒಂದು ಕೋಲ್ಡ್ ಸ್ಟೋರೇಜಿನದು. ಕಟ್ಟಬೇಕೋ ಬೇಡವೋ? ವಾರವಿಡೀ ಕಂಪ್ಯೂಟರ್ ಲ್ಯಾಬಿನಲ್ಲಿ ಕೂತರು. ಅವನು ಮಾರುಕಟ್ಟೆಯ ಮಾಹಿತಿ ಕಲೆಹಾಕಿದ. ಇಡೀ ಲೆಕ್ಕದ ಶೀಟನ್ನು ಅವಳೇ ಕಟ್ಟಿದಳು. ಯೋಜನೆಯ ಇವತ್ತಿನ ಬೆಲೆ ನಲವತ್ತು ಲಕ್ಷ ಲಾಭ. ಕಟ್ಟಬಹುದು. ಪ್ರತಿ ಅಂಕಿಯನ್ನೂ ಅವಳು ಬಾಯಿಪಾಠ ಮಾಡಿದಳು. ಪರದೆ ನೋಡಿ ಓದುವುದು ಅವಳ ಜಾಯಮಾನವಲ್ಲ.

ಮಂಡನೆಯ ದಿನ ಬೆಳಿಗ್ಗೆ ಅವನು ಬೇಗ ಬಂದು ಶೀಟು ತೆರೆದ. ತಪ್ಪು ಕಣ್ಣಿಗೆ ಬಿತ್ತು.

ಇವತ್ತೇ ಖರ್ಚಾಗುವ ಬಂಡವಾಳವನ್ನೂ ಅವಳು ಮುಂದಿನ ವರ್ಷಗಳ ಹಣದ ಜೊತೆ ಒಂದೇ ಸಾಲಿನಲ್ಲಿ ಫಾರ್ಮುಲಾಕ್ಕೆ ಕೊಟ್ಟಿದ್ದಳು. ಕಂಪ್ಯೂಟರ್ ಎಲ್ಲವನ್ನೂ ಒಂದು ವರ್ಷ ತಡವಾಗಿ ನಡೆದಂತೆ ಲೆಕ್ಕ ಹಾಕಿತ್ತು. ಕೋಷ್ಟಕ ಹಿಡಿದು ಕೈಯಲ್ಲಿ ಮಾಡಿದ್ದರೆ ಈ ತಪ್ಪು ಅವಳಿಂದ ಆಗುತ್ತಲೇ ಇರಲಿಲ್ಲ. ಸರಿಯಾದ ಉತ್ತರ ನಲವತ್ತನಾಲ್ಕು.

ಅವನು ತಿದ್ದಿದ. ಬಾಗಿಲ ಬಳಿ ಸಿಕ್ಕಾಗ ಹೇಳಿದರಾಯಿತು ಎಂದುಕೊಂಡ.

ಅವಳು ಬಂದಳು. ಪ್ರೀಮಿಯಂಳ ಕೋಟು ಹಾಕಿದ್ದಳು. ತೋಳು ಉದ್ದವಾಗಿ ಒಳಕ್ಕೆ ಮಡಚಿಕೊಂಡಿದ್ದಳು. ಬೆನ್ನು ನೆಟ್ಟಗೆ. ಮುಖದಲ್ಲಿ ಅವನು ಹಿಂದೆಂದೂ ಕಾಣದ ಬೆಳಕು.

"ಹೇಗಿದೀನಿ?" ಎಂದಳು.

"ಚೆನ್ನಾಗಿದೀಯ," ಎಂದ. ಅಷ್ಟೇ ಹೇಳಿದ.

ಒಳಗೆ ಮೂವರು ಅಧಿಕಾರಿಗಳು. ಅವಳು ಪರದೆಗೆ ಬೆನ್ನು ಹಾಕಿ ನಿಂತು ನಿರರ್ಗಳವಾಗಿ ಮಾತಾಡಿದಳು. "ಹೀಗಾಗಿ ಈ ಯೋಜನೆಯ ಇವತ್ತಿನ ಬೆಲೆ ನಲವತ್ತು ಲಕ್ಷ."

ಹಿರಿಯ ಅಧಿಕಾರಿ ಪೆನ್ನು ಎತ್ತಿದರು. "ನಿಮ್ಮ ಹಿಂದೆ ನಲವತ್ತನಾಲ್ಕು ಅಂತಿದೆ. ಯಾವುದು ಸರಿ?"

ಅವಳು ತಿರುಗಿ ನೋಡಿದಳು. ನಲವತ್ತನಾಲ್ಕು. ಒಂದು ಕ್ಷಣ ಓದು ಬಾರದವಳ ಹಾಗೆ ಅದನ್ನೇ ನೋಡಿದಳು.

'ಒಂದು ನಿಮಿಷ ಕೊಡಿ, ನೋಡ್ತೀನಿ' ಎನ್ನಬಹುದಿತ್ತು. ಅವಳ ಬಾಯಿಂದ ಬಂದದ್ದು ಬೇರೆ.

"ನಾನು ಹೇಳಿದ್ದೇ ಸರಿ. ಪರದೆ ಮೇಲಿರೋದು ಹೇಗೆ ಬಂತೋ ಗೊತ್ತಿಲ್ಲ."

"ನೀವು ಮಾಡಿದ ಶೀಟು ನಿಮಗೇ ಗೊತ್ತಿಲ್ವಾ?" ಅವರು ಅವನ ಕಡೆ ತಿರುಗಿದರು. "ನೀವು ಏನಂತೀರಿ?"

ಮೌನಿ ಆಗ ಮಾತಾಡಿದ. "ಪರದೆ ಮೇಲಿರೋದು ಸರಿ, ಸರ್." ಏಕೆಂದು ಕೇಳಿದರು. ವಿವರಿಸಿದ. ಅವನ ವಿವರಣೆಯಲ್ಲಿ ಒಂದು ಪದವೂ ಹೆಚ್ಚಿರಲಿಲ್ಲ.

ಅವಳ ಕಿವಿಗೆ ಆಮೇಲೆ ಏನೂ ಬೀಳಲಿಲ್ಲ.

ಮಧ್ಯಾಹ್ನ ಫಲಿತಾಂಶ ಬಂತು. ಆಯ್ಕೆಯಾದವನು ಅವನು.

ಮೆಟ್ಟಿಲ ಮೇಲೆ ಅವಳು ಅವನನ್ನು ತಡೆದಳು. "ಯಾವಾಗ ಬದಲಾಯಿಸಿದೆ?"

"ಬೆಳಿಗ್ಗೆ."

"ನನಗೆ ಯಾಕೆ ಹೇಳಲಿಲ್ಲ?"

ಅವನು ಅವಳ ಕೋಟಿನ ಮಡಚಿದ ತೋಳನ್ನೇ ನೋಡುತ್ತ ನಿಂತ.

'ಹೇಳೋದಕ್ಕೆ ಏನಿದೆ... ಇದಕ್ಕಾಗಿಯೇ ಕಾಯ್ತಿದ್ದ. ವರ್ಷಗಟ್ಟಲೆ ಎದುರಿಗೆ ಕೂತು ಕಲಿತ. ಇವತ್ತು ನನ್ನ ಶೀಟನ್ನೇ ಏಣಿ ಮಾಡ್ಕೊಂಡ...'

ಮೈಮೇಲಿನ ಕೋಟನ್ನು ಎಳೆದು ಬಿಚ್ಚಿದಳು. ಒಂದು ಗುಂಡಿ ಕಿತ್ತು ಟಕಟಕ ಸದ್ದು ಮಾಡುತ್ತ ಮೆಟ್ಟಿಲಿಳಿದು ಹೋಯಿತು.

ಮಾತಾಡಬೇಕಾದ ಹೊತ್ತಿನಲ್ಲಿ ಅವನು ಗುಂಡಿ ಹುಡುಕಲು ಬಗ್ಗಿದ. ಗುಂಡಿ ಸಿಗಲಿಲ್ಲ. ತಲೆ ಎತ್ತಿದಾಗ ಅವಳೂ ಇರಲಿಲ್ಲ.

ಸಂಜೆ ಪ್ರೀಮಿಯಂ ಕಿಟಕಿಯಿಂದ ಇಣುಕಿದಳು. "ಗೇಟ್ ಹತ್ರ ನಿಂತಿದಾನೆ ಕಣೇ. ನಿನ್ನ ಹತ್ರ ಮಾತಾಡ್ಬೇಕಂತೆ."

"ನಿಂತಿರಲಿ."

"ಒಂದ್ಸಲ ಏನು ಅಂತ ಕೇಳು."

"ನಾನು ಕೇಳಲ್ಲ."

ಗೇಟು ಮುಚ್ಚುವವರೆಗೂ ಅವನು ನಿಂತಿದ್ದ. ಆ ವಾರ ಬೇರೆ ಮೂರು ಕಂಪನಿಗಳು ಬಂದುಹೋದವು. ಅವಳು ಕೋಣೆಯಿಂದ ಹೊರಗೆ ಬರಲಿಲ್ಲ. ಅವನ ನಂಬರನ್ನು ಫೋನಿನಿಂದ ತೆಗೆದುಹಾಕಿ, ಅವನ ಕರೆ ಬಾರದ ಹಾಗೆ ಮಾಡಿದಳು.

ಅವನು ಆ ಕೆಲಸಕ್ಕೆ ಸೇರಿದ. ಇದನ್ನೂ ಹೇಳಲೇಬೇಕು. ಬೇಡ ಎಂದು ಬಿಟ್ಟುಕೊಡುವಷ್ಟು ದೊಡ್ಡವನು ಅವನಾಗಿರಲಿಲ್ಲ. ಒಂದು ವರ್ಷ ಅಲ್ಲಿದ್ದು, ಬಿಟ್ಟು, ಬ್ಯಾಂಕಿನ ಸಾಲ ವಿಭಾಗಕ್ಕೆ ಹೋದ.

*

ಅವಳು ಹೋದದ್ದು ಅಮ್ಮನ ಲಾಂಡ್ರಿಗೆ. ಅಲ್ಲಿ ಹಣಕಾಸು ನೋಡುವವರು ಯಾರೂ ಇರಲಿಲ್ಲ.

"ನಾನು ಇಷ್ಟು ವರ್ಷ ಈ ಆವಿ ಕುಡಿದದ್ದು ನೀನೂ ಇಲ್ಲಿಗೇ ಬರಲಿ ಅಂತಲ್ಲ," ಅಮ್ಮ ಸಿಡುಕಿದಳು.

"ಇಸ್ತ್ರಿ ಮಾಡೋಕೆ ಬಂದಿಲ್ಲ ಅಮ್ಮ. ಲೆಕ್ಕ ನೋಡೋಕೆ ಬಂದಿದೀನಿ."

"ಅದೇನು ಲೆಕ್ಕ ಇದೆ ಇಲ್ಲಿ? ಬಟ್ಟೆ ಬರುತ್ತೆ, ಬಟ್ಟೆ ಹೋಗುತ್ತೆ."

"ಸಂಬಳ ಯಾಕೆ ಹೇಳಿದ ದಿನ ಬರಲ್ಲ ಹೇಳು?"

ಅಮ್ಮ ಅವಳನ್ನು ಲಾಂಡ್ರಿಯ ಯಜಮಾನರ ಹತ್ತಿರ ಕರೆದುಕೊಂಡು ಹೋದಳು. ಅವರು ಕನ್ನಡಕ ತೆಗೆದು ಒರೆಸುತ್ತ, "ವ್ಯಾಪಾರ ಚೆನ್ನಾಗೇ ಇದೆ ಮಗಳೇ, ದುಡ್ಡು ಮಾತ್ರ ಕಾಣ್ಸಲ್ಲ," ಎಂದರು.

ಅವಳಿಗೆ ಕಂಡಿತು. ಆಸ್ಪತ್ರೆಗಳು ತಿಂಗಳುಗಟ್ಟಲೆ ತಡವಾಗಿ ಬಿಲ್ ಕಟ್ಟುತ್ತಿದ್ದವು. ಸೋಪಿನ ಪುಡಿ ಮಾರುವವನು ವಾರವೂ ಕಾಯುತ್ತಿರಲಿಲ್ಲ. ಮಧ್ಯೆ ಸಿಕ್ಕಿಕೊಳ್ಳುತ್ತಿದ್ದದ್ದು ಸಂಬಳ. ತಿಂಗಳ ಬಿಲ್ಲನ್ನು ವಾರದ ಬಿಲ್ ಮಾಡಿದಳು. ಬೇಗ ಕಟ್ಟಿದವರಿಗೆ ರಿಯಾಯಿತಿ ಕೊಟ್ಟಳು. ಹೋಟೆಲುಗಳಿಂದ ಬರುವ ಹಣವನ್ನು ಸಂಬಳಕ್ಕೆಂದೇ ಬೇರೆ ಖಾತೆಗೆ ಹಾಕಿಸಿದಳು. ಆಸ್ಪತ್ರೆಗಳ ಲೆಕ್ಕ ವಿಭಾಗಗಳಿಗೆ ತಾನೇ ಹೋಗಿ ಕುರ್ಚಿ ಹಾಕಿಕೊಂಡು ಕೂತಳು.

ಆರು ತಿಂಗಳಲ್ಲಿ ಸಂಬಳ ಹೇಳಿದ ದಿನಕ್ಕೆ ಬಂತು. ಆಮೇಲೆ ಅದು ತಪ್ಪಲಿಲ್ಲ.

ರೋಲರಿನ ಆಚೆ ಬದಿಯ ಹೆಂಗಸು ಅಮ್ಮನನ್ನು ಕೂಗಿ ಕೇಳಿದಳು, "ಇದೆಲ್ಲ ಯಾರು ಮಾಡಿದ್ದಂತೆ?"

ಅಮ್ಮ ಬೆಡ್‌ಶೀಟಿನ ತುದಿ ಕೊಡವಿ, ಇಡೀ ಹಾಲಿಗೆ ಕೇಳಿಸುವಂತೆ ಹೇಳಿದಳು. "ಇನ್ಯಾರು? ನಮ್ಮ ಪುಟ್ಟಿ!"

ಅಂದು ಅವಳು ಲೆಕ್ಕದ ಕೋಣೆಯ ಬಾಗಿಲ ಹಿಂದೆ ನಿಂತು ಅದನ್ನು ಕೇಳಿಸಿಕೊಂಡಳು. ಗಾಜಿನ ಕಟ್ಟಡ ಅಂದಿನಿಂದ ಬರೀ ಒಂದು ಕಟ್ಟಡವಾಯಿತು.

*

ನಾಲ್ಕನೇ ವರ್ಷ ಹಳೆಯ ಬಾಯ್ಲರ್ ಸೋರತೊಡಗಿತು. ಹೊಸ ಬಾಯ್ಲರ್, ಹೊಸ ತೊಳೆಯುವ ಯಂತ್ರಗಳು, ಇಪ್ಪತ್ತು ಜನರಿಗೆ ಹೊಸ ಕೆಲಸ... ಯೋಜನೆಯನ್ನು ಅವಳೇ ಬರೆದಳು. ಬ್ಯಾಂಕು ಸಾಲ ಕೊಟ್ಟರೆ ಲಾಂಡ್ರಿ ಉಳಿಯುತ್ತದೆ. ಕೊಡದಿದ್ದರೆ ಬಾಯ್ಲರ್ ನಿಂತ ದಿನ ಎಲ್ಲರ ಕೆಲಸವೂ ನಿಲ್ಲುತ್ತದೆ. ಅಮ್ಮನದೂ.

ಪರಿಶೀಲನೆಗೆ ಬ್ಯಾಂಕಿನಿಂದ ಅಧಿಕಾರಿ ಬಂದರು ಎಂದು ಯಜಮಾನರು ಕರೆದರು. ಅವಳು ಒದ್ದೆ ಬಟ್ಟೆಯ ಗಾಡಿಗಳ ನಡುವೆ ದಾರಿ ಮಾಡಿಕೊಂಡು ಹೋದಳು. ಆವಿಯಲ್ಲಿ ಮೊದಲು ಮುಖ ಕಾಣಲಿಲ್ಲ. ಬಾಯ್ಲರ್ ನೋಡುತ್ತ ಸುಮ್ಮನೆ ನಿಂತ ಆ ನಿಲುವು ಕಂಡಿತು.

ಮೌನಿ.

"ಇವರೇ ನಮ್ಮ ಹಣಕಾಸು ಅಧಿಕಾರಿ," ಯಜಮಾನರು ಹೆಮ್ಮೆಯಿಂದ ಪರಿಚಯಿಸಿದರು.

"ನಮಸ್ಕಾರ ಮೇಡಂ," ಎಂದ ಅವನು.

"ನಮಸ್ಕಾರ. ಕಾಗದಪತ್ರ ಎಲ್ಲ ಆಫೀಸಿನಲ್ಲಿದೆ, ಬನ್ನಿ." ಅವಳ ಸ್ವರ ಎಂದಿನಂತೆಯೇ ಇತ್ತು. ಒಳಗೆ ಬೇರೆಯೇ ನಡೆಯುತ್ತಿತ್ತು.

'ಪ್ರಪಂಚದಲ್ಲಿ ಬೇರೆ ಬ್ಯಾಂಕು ಇರಲಿಲ್ವಾ... ಬೇರೆ ಅಧಿಕಾರಿ ಇರಲಿಲ್ವಾ...'

ಅವನು ಶೀಟುಗಳ ಪ್ರತಿ ತೆಗೆದುಕೊಂಡು ಹೋದ. ವಾರ ಕಳೆದು ಮತ್ತೆ ಬಂದ. ಯಜಮಾನರೂ ಎದುರಿಗಿದ್ದರು. ಕೂರುವ ಮೊದಲೇ ಹೇಳಿದ.

"ಮೇಡಂ, ನಿಮ್ಮ ಶೀಟಿನಲ್ಲಿ ಒಂದು ತಪ್ಪಿದೆ. ನಾನು ಮುಟ್ಟಿಲ್ಲ. ನೀವೇ ನೋಡಿ."

ಅವಳು ಶೀಟನ್ನು ತನ್ನ ಕಡೆ ಎಳೆದುಕೊಂಡಳು. ಗೋಡೆಯಾಚೆ ರೋಲರ್ ತಿರುಗುತ್ತಿತ್ತು.

"ಎಲ್ಲಿ?" ಎಂದಳು.

"ಹಳೇ ಬಾಯ್ಲರ್ ತೆಗೆದು ಹೊಸದು ಕೂರಿಸೋಕೆ ಮೂರು ವಾರ. ಆ ಮೂರು ವಾರದ ಸಂಬಳ ಬರೆದಿದೀರಿ. ಸರಿ ಇದೆ. ಆದ್ರೆ ಆ ಮೂರು ವಾರದ ಆದಾಯವನ್ನೂ ಎಂದಿನ ಹಾಗೇ ಬರೆದಿದೀರಿ. ಬಾಯ್ಲರ್ ಇಲ್ದೆ ಬಟ್ಟೆ ಹೇಗೆ ತೊಳೀತೀರಿ?"

ಅವಳು ನೋಡಿದಳು. ನಿಜ. ಸಂಬಳ ನಿಲ್ಲಬಾರದು ಎಂಬುದೊಂದೇ ತಲೆಯಲ್ಲಿತ್ತು. ಕೆಲಸವೇ ನಿಲ್ಲುತ್ತದೆ ಎಂಬುದು ಹೊಳೆದೇ ಇರಲಿಲ್ಲ.

ಕಿವಿಯಿಂದ ಕೆನ್ನೆಗೆ ಆ ಹಳೆಯ ಬಿಸಿ ಏರಿತು. ಪರದೆಯ ಮುಂದೆ ನಿಂತ ದಿನದ ಬಿಸಿ. 'ನಾನು ಮಾಡಿದ್ದೇ ಸರಿ' ಎಂಬ ಮಾತು ನಾಲಿಗೆಯ ತುದಿಗೆ ಬಂದು ಕೂತಿತು. ಯಜಮಾನರು ಕನ್ನಡಕ ತೆಗೆದು ಒರೆಸತೊಡಗಿದರು.

"ಹೌದು," ಎಂದಳು. "ತಪ್ಪು. ನನ್ನದೇ."

ಹೇಳಿದ ಮೇಲೆ ಗೊತ್ತಾಯಿತು, ಅದು ಅಷ್ಟೇನೂ ಭಾರದ ಮಾತಲ್ಲ ಎಂದು. ಬೆನ್ನು ಮೊದಲಿಗಿಂತ ನೆಟ್ಟಗಾಯಿತು.

"ಸಭೆ ಸೋಮವಾರ ಇದೆ. ಅಷ್ಟರಲ್ಲಿ ಸರಿ ಮಾಡಿದ್ದನ್ನ ಕೊಡಿ," ಎಂದು ಅವನು ಎದ್ದ. ಬಾಗಿಲಲ್ಲಿ ನಿಂತು ಯಜಮಾನರ ಕಡೆ ತಿರುಗಿದ. "ಇನ್ನೊಂದು ವಿಷಯ, ಸರ್. ನಾವಿಬ್ಬರೂ ಒಟ್ಟಿಗೆ ಓದಿದವರು. ಮ್ಯಾನೇಜರ್‌ಗೆ ಹೇಳಿದೀನಿ. ಹಾಗಾಗಿ ಶಿಫಾರಸು ಬರೆಯೋದು ಅವರು. ನನ್ನದು ಪರಿಶೀಲನೆ ಮಾತ್ರ."

ಅವಳು ಅವನ ಬೆನ್ನನ್ನೇ ನೋಡುತ್ತ ಕೂತಳು. ಮೌನಿ ಒಂದೇ ಸಲಕ್ಕೆ ಇಷ್ಟು ಮಾತಾಡಿದ್ದನ್ನು ಅವಳು ಕಂಡಿರಲಿಲ್ಲ.

ಮೂರು ವಾರದ ಆದಾಯ ತೆಗೆದರೆ ಮೊದಲ ವರ್ಷ ಕಂತು ಕಟ್ಟಲು ಹಣ ಸಾಲುತ್ತಿರಲಿಲ್ಲ. ಅವಳು ಊರಾಚೆಯ ಇನ್ನೊಂದು ಲಾಂಡ್ರಿಗೆ ಹೋದಳು. ಮೂರು ವಾರ ಆಸ್ಪತ್ರೆಗಳ ಬಟ್ಟೆ ಅಲ್ಲಿ ತೊಳೆಯುವುದು, ಲಾಭದಲ್ಲಿ ಅವರಿಗೆ ಪಾಲು. ಅವರ ರಾತ್ರಿ ಪಾಳಿ ಖಾಲಿ ಇತ್ತು, ಒಪ್ಪಿದರು. ಇಸ್ತ್ರಿಗೆ ಇಲ್ಲಿನ ಹೆಂಗಸರೇ ಅಲ್ಲಿಗೆ ಹೋಗುವುದೆಂದು ಮಾತಾಯಿತು. ಲೆಕ್ಕ ಬಿಗಿಯಾಯಿತು, ಆದರೆ ನಿಂತಿತು. ಕೊನೆಯಲ್ಲಿ ಎಲ್ಲವನ್ನೂ ಒಮ್ಮೆ ಕೋಷ್ಟಕ ಹಿಡಿದು ಕೈಯಲ್ಲಿ ಮಾಡಿ ನೋಡಿದಳು.

ಸೋಮವಾರ ಬೆಳಿಗ್ಗೆ ಅಮ್ಮ ಅವಳ ಕೋಟನ್ನು ಯಂತ್ರಕ್ಕೆ ಕೊಡಲಿಲ್ಲ. ತಾನೇ ಕೈಯಿಂದ ಇಸ್ತ್ರಿ ಮಾಡಿದಳು.

"ಇದು ಯಾರದ್ದು?"

"ನನ್ನದೇ ಅಮ್ಮ. ಕೊಂಡ್ಕೊಂಡಿದ್ದು."

"ತೋಳು ಸರಿಯಾಗಿದೆ," ಎಂದಳು ಅಮ್ಮ. ಕಾಲರ್ ಮೇಲೆ ಇನ್ನೊಂದು ಸಲ ಕೈಯಾಡಿಸಿದಳು.

ಬ್ಯಾಂಕಿನ ಸಭೆಯಲ್ಲಿ ಐವರು ಕೂತಿದ್ದರು. ಅವನು ಗೋಡೆ ಬದಿಯ ಕುರ್ಚಿಯಲ್ಲಿದ್ದ. ಅವಳು ಎದ್ದು ನಿಂತು ಶುರುಮಾಡಿದ್ದು ಹೀಗೆ:

"ನಾವು ಮೊದಲು ಕೊಟ್ಟ ಲೆಕ್ಕದಲ್ಲಿ ಒಂದು ತಪ್ಪಿತ್ತು. ತಪ್ಪು ನನ್ನದು. ಕಂಡುಹಿಡಿದವರು ನಿಮ್ಮವರು. ಸರಿ ಮಾಡಿದ ಮೇಲೂ ಈ ಸಾಲ ಯಾಕೆ ತೀರುತ್ತೆ ಅಂತ ಈಗ ಹೇಳ್ತೀನಿ."

ಹೇಳಿದಳು. ಪರದೆಯ ಅಂಕಿಗೂ ಬಾಯಿಯ ಅಂಕಿಗೂ ಎಲ್ಲೂ ವ್ಯತ್ಯಾಸವಿರಲಿಲ್ಲ. ಐವರೂ ಸೇರಿ ಒಂದು ಗಂಟೆ ಅವಳನ್ನು ಪ್ರಶ್ನೆ ಕೇಳಿದರು. ಎರಡು ಪ್ರಶ್ನೆಗೆ "ಗೊತ್ತಿಲ್ಲ, ನಾಳೆ ತಿಳಿದು ಹೇಳ್ತೀನಿ," ಎಂದಳು. ಮ್ಯಾನೇಜರ್ ಕೊನೆಗೆ ಕನ್ನಡಕದ ಮೇಲಿಂದ ನೋಡಿ, "ಗೊತ್ತಿಲ್ಲ ಅನ್ನೋರಿಗೆ ಸಾಲ ಕೊಡೋಕೆ ನನಗೆ ಧೈರ್ಯ ಬರುತ್ತೆ," ಎಂದರು.

ವಾರದ ಕೊನೆಗೆ ಸಾಲ ಮಂಜೂರಾಯಿತು. ಇಸ್ತ್ರಿ ಹಾಲಿನಲ್ಲಿ ಯಾರೋ ದಿಂಬಿನ ಕವರನ್ನು ಬಾವುಟದ ಹಾಗೆ ಬೀಸಿದರು.

*

ಮಂಜೂರಾತಿ ಕಾಗದ ಕೊಡಲು ಅವನೇ ಬಂದ. ಕೊಟ್ಟ ಮೇಲೂ ಹೋಗಲಿಲ್ಲ. ಗಾಡಿಗೆ ಬಟ್ಟೆ ತುಂಬುವ ಕಟ್ಟೆಯ ತುದಿಯಲ್ಲಿ ನಿಂತಿದ್ದ. ಮಧ್ಯಾಹ್ನದ ಬಿಸಿಲು. ಅವಳು ಹೋಗಿ ಒಂದು ಮಾರು ದೂರದಲ್ಲಿ ಕಾಲು ಇಳಿಬಿಟ್ಟು ಕೂತಳು.

"ಮ್ಯಾನೇಜರ್‌ಗೆ ಏನಂತ ಹೇಳಿದೆ? ನನ್ನ ನಿನ್ನ ವಿಷಯ."

"ಸಂಬಂಧ ಏನು ಅಂತ ಕೇಳಿದ್ರು. ನನಗೂ ಗೊತ್ತಿಲ್ಲ ಸರ್, ಅವರನ್ನೇ ಕೇಳಬೇಕು ಅಂದೆ."

ಅವಳು ನಗು ತಡೆದಳು. ನಗಲು ಇನ್ನೂ ಸಮಯವಿತ್ತು. ಅದಕ್ಕೆ ಮೊದಲು ಒಂದು ಪ್ರಶ್ನೆ ಉಳಿದಿತ್ತು. ನಾಲ್ಕು ವರ್ಷ ಕೇಳದೆ ಉಳಿಸಿಕೊಂಡದ್ದು.

"ಆವತ್ತು ಯಾಕೆ ಹೇಳಲಿಲ್ಲ?"

"ಹೇಳೋಕೆ ಅಂತಾನೇ ಬಾಗಿಲಲ್ಲಿ ನಿಂತಿದ್ದೆ. ನೀನು ಬಂದೆ. ಕೋಟಿನ ತೋಳು ಒಳಗೆ ಮಡಚಿಕೊಂಡಿದ್ದೆ. ಹೇಗಿದೀನಿ ಅಂದೆ... ಆ ಮುಖಕ್ಕೆ ತಪ್ಪು ಅನ್ನೋ ಮಾತು ಹೇಳೋಕೆ ನನ್ನ ಕೈಲಿ ಆಗಲಿಲ್ಲ. ಸದ್ದಿಲ್ದೆ ಸರಿಮಾಡಿದ್ರೆ ನಿನಗೆ ಗೊತ್ತೇ ಆಗಲ್ಲ, ನೀನು ಗೆಲ್ತೀಯ ಅಂದ್ಕೊಂಡೆ. ನೀನು ಅಂಕಿ ಬಾಯಿಪಾಠ ಮಾಡಿರ್ತೀಯ ಅನ್ನೋದು ಹೊಳೀಲಿಲ್ಲ."

"ನಾನು ತಪ್ಪನ್ನ ತಡ್ಕೊಳ್ಳಲ್ಲ ಅಂತ ನೀನೇ ತೀರ್ಮಾನ ಮಾಡಿದೆ."

"ಹೌದು."

"ಅದು ಪ್ರೀತಿ ಅಲ್ಲ. ನನ್ನ ಮೇಲೆ ನಂಬಿಕೆ ಇಲ್ದಿರೋದು."

"ಗೊತ್ತು. ಅದಕ್ಕೇ ಈ ಸಲ ನಿಮ್ಮ ಯಜಮಾನರ ಎದುರಿಗೇ ಹೇಳಿದೆ. ನೀನು ನನ್ನ ಮುಖಕ್ಕೆ ಶೀಟು ಎಸೀತೀಯ ಅಂದ್ಕೊಂಡಿದ್ದೆ."

"ಎಸೀಬೇಕು ಅನ್ಸಿತ್ತು."

ಗಾಡಿಯವನು ಬಂದು ಎರಡು ಮೂಟೆ ಎಸೆದು ಹೋದ.

"ನಂದೂ ತಪ್ಪಿದೆ," ಎಂದಳು. "ಆವತ್ತು ನನ್ನ ಅಂಕಿ ತಪ್ಪು ಅಂತ ಅವರೆಲ್ಲರ ಎದುರಿಗೆ ಒಪ್ಪಿಕೊಳ್ಳಲಿಲ್ಲ. ಗೇಟಿನ ಹತ್ರ ನಿಂತವನನ್ನ ಏನು ಅಂತ ಕೇಳಲಿಲ್ಲ. ನಿನ್ನ ಮೇಲೆ ಅನುಮಾನದ ದರ ಎಷ್ಟು ಹಾಕಿದೆ ಅಂದ್ರೆ... ನಿನ್ನ ಬೆಲೆ ಸೊನ್ನೆಗೆ ಬಂತು."

"ಈಗ?"

"ಮೊದಲು ನೀನು ಹೇಳು. ಬಾಯಿಬಿಟ್ಟು. ನಾನು ಊಹೆ ಮಾಡಲ್ಲ."

ಮೌನಿ ಕಟ್ಟೆಯಿಂದ ಇಳಿದು ಅವಳ ಎದುರಿಗೆ ನಿಂತ. "ನಿನ್ನನ್ನ ಪ್ರೀತಿಸ್ತೀನಿ. ಕ್ಯಾಲ್ಕುಲೇಟರ್ ತಳ್ಳಿದ ದಿನದಿಂದ. ನಿನ್ನ ಜೊತೆ ಬದುಕಬೇಕು ಅಂತ ಆಸೆ. ನಿನ್ನ ಲೆಕ್ಕ ತಪ್ಪಾದ್ರೆ ನಿನ್ನ ಎದುರಿಗೇ ಹೇಳ್ತೀನಿ. ನಂದು ತಪ್ಪಾದ್ರೆ ನೀನು ಹೇಗೂ ಬಿಡಲ್ಲ."

"ಬಿಡಲ್ಲ," ಎಂದಳು. ಕಣ್ಣು ಮಂಜಾಗಿತ್ತು. ಅದನ್ನು ಅಡಗಿಸಲಿಲ್ಲ. ಕೈ ಚಾಚಿದಳು. "ಕ್ಯಾಲ್ಕುಲೇಟರ್ ಇದೆಯಾ? ಕೊಡು."

ಅವನು ಅವಳನ್ನೇ ನೋಡಿದ. "ನೀನು ಕೇಳ್ತಿದೀಯಾ?"

"ಕೇಳ್ತಿದೀನಿ."

ಬ್ಯಾಗಿನಿಂದ ತೆಗೆದುಕೊಟ್ಟ. ಅದೇ ಹಳೆಯದು. ಬ್ಯಾಟರಿಯ ಮುಚ್ಚಳದ ಜಾಗದಲ್ಲಿ ಅಂಟುಪಟ್ಟಿ ಸುತ್ತಿತ್ತು. ಅವಳು ಅದನ್ನು ತೊಡೆಯ ಮೇಲಿಟ್ಟುಕೊಂಡಳು. ಅವನ ಕೈಯನ್ನು ಬಿಡಲಿಲ್ಲ.

"ಏನು ಲೆಕ್ಕ?"

"ಏನೇನು ಹೋಯ್ತು ಅಂತ."

"ಹೋದದ್ದನ್ನ ಮೊತ್ತಕ್ಕೆ ಸೇರಿಸಬಾರದು. ಮೇಡಂ ಹೇಳಿದ್ರಲ್ಲ."

"ಸೇರಿಸಬಾರದು ಅಂದ್ರು. ಎಣಿಸಬಾರದು ಅನ್ನಲಿಲ್ಲ."

ಎಣಿಸಿದರು. ಅದಕ್ಕೆ ಕ್ಯಾಲ್ಕುಲೇಟರ್ ಬೇಕಾಗಲಿಲ್ಲ.

ನಾಲ್ಕು ವರ್ಷ. ಗಾಜಿನ ಕಟ್ಟಡದಲ್ಲಿ ಎರಡು ಕುರ್ಚಿ, ಅವಳಿಗೆ ಸಿಗದೆ ಹೋದದ್ದೊಂದು, ಅವನು ಬಿಟ್ಟು ಬಂದದ್ದೊಂದು. ಪ್ರೀಮಿಯಂಳ ಕೋಟಿನ ಒಂದು ಗುಂಡಿ.